ಕುಡಿಯೋ ಹಕ್ಕು ಕೊಟ್ಟರು, ಹಂಚಿಕೊಂಡಿದ್ದಕ್ಕೆ ಶಿಕ್ಷೆ ಕೊಟ್ಟರು

ಆಸ್ಟ್ರೇಲಿಯಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ 4ಕ್ಕಿಂತ ಕಡಿಮೆ. ಅಲ್ಲಿನ ಜೈಲುಗಳಿಗೆ ಹೋದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೈದಿಗಳು ಅವರೇ. ಈ ಲೆಕ್ಕ ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಆಲ್ಬರ್ಟ್ ನಮಾಟ್ಜಿರಾ ನೆನಪಾಗುತ್ತಾರೆ.

1902ರಲ್ಲಿ ಮಧ್ಯ ಆಸ್ಟ್ರೇಲಿಯಾದ ಹರ್ಮನ್ಸ್‌ಬರ್ಗ್ ಮಿಷನ್‌ನಲ್ಲಿ, ಅರಂಡ ಸಮುದಾಯದಲ್ಲಿ ಹುಟ್ಟಿದವರು. 1936ರಲ್ಲಿ ರೆಕ್ಸ್ ಬ್ಯಾಟರ್ಬೀ ಎಂಬ ಬಿಳಿಯ ಕಲಾವಿದನ ಒಂಟೆಗಳನ್ನು ನೋಡಿಕೊಳ್ಳುತ್ತ ಅವನ ಜೊತೆ ತಿರುಗಿ, ಅದಕ್ಕೆ ಬದಲಾಗಿ ಜಲವರ್ಣ ಕಲಿತರು. ಎರಡೇ ವರ್ಷಕ್ಕೆ ಮೆಲ್ಬರ್ನ್‌ನಲ್ಲಿ ಮೊದಲ ಪ್ರದರ್ಶನ, ಅಷ್ಟೂ ಚಿತ್ರಗಳು ಮಾರಾಟ. ಬಿಳಿ ತೊಗಟೆಯ ನೀಲಗಿರಿ ಮರ, ಅದರ ಹಿಂದೆ ನೇರಳೆ ಬೆಟ್ಟ. ಆ ಚಿತ್ರಗಳ ಪ್ರತಿಗಳು ದೇಶದ ಮನೆಮನೆಯ ಗೋಡೆಗೂ ಬಂದವು. 1954ರಲ್ಲಿ ಕ್ಯಾನ್‌ಬೆರಾಗೆ ಕರೆಸಿ ರಾಣಿ ಎಲಿಜಬೆತ್ ಮುಂದೆ ನಿಲ್ಲಿಸಿದರು.

ಗೌರವ ಏನೋ ಸಿಕ್ಕಿತು, ಜಾಗ ಸಿಗಲಿಲ್ಲ. ದನ ಸಾಕಲು ಗುತ್ತಿಗೆಗೆ ಭೂಮಿ ಕೇಳಿದರು, ಇಲ್ಲ ಅಂದರು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟೋಕೆ ಹೊರಟರು, ಅದಕ್ಕೂ ಇಲ್ಲ. ಆದಾಯ ತೆರಿಗೆ ಮಾತ್ರ ಬಿಡದೆ ವಸೂಲಾಯಿತು! ಕೊನೆಗೆ ಊರಾಚೆಯ ಮೋರಿಸ್ ಸೋಕ್ ಎಂಬಲ್ಲಿ ಬಿಡಾರ ಹೂಡಿದರು.

1957ರಲ್ಲಿ ನಾರ್ದರ್ನ್ ಟೆರಿಟರಿಯ ಬಹುತೇಕ ಎಲ್ಲ ಮೂಲನಿವಾಸಿಗಳನ್ನು 'ವಾರ್ಡ್'ಗಳು ಅಂತ ಪಟ್ಟಿ ಮಾಡಿದರು. ಬೆಳೆದು ನಿಂತ ಗಂಡಸರು, ಹೆಂಗಸರು ಕಾನೂನಿನ ಕಣ್ಣಲ್ಲಿ ಸರ್ಕಾರದ ಪಾಲನೆಯಲ್ಲಿರೋ ಮಕ್ಕಳು. ನಮಾಟ್ಜಿರಾ ಮತ್ತು ಹೆಂಡತಿ ರುಬೀನಾರನ್ನು ಆ ಪಟ್ಟಿಗೆ ಸೇರಿಸಲಿಲ್ಲ. ಹಾಗಾಗಿ ಅವರು ವೋಟು ಹಾಕಬಹುದು, ಮದ್ಯ ಕೊಳ್ಳಬಹುದು. ಆದರೆ ಅಣ್ಣತಮ್ಮಂದಿರು, ನೆಂಟರು ಪಟ್ಟಿಯೊಳಗೇ ಉಳಿದರು, ಅವರಿಗೆ ಮದ್ಯ ಕೊಟ್ಟರೆ ಅಪರಾಧ. ಅರಂಡರಲ್ಲಿ ಇದ್ದವನು ಇಲ್ಲದ ನೆಂಟನಿಗೆ ಹಂಚಲೇಬೇಕು, ಅದು ಧರ್ಮ. ಎಂಜಿನಿಯರಿಂಗ್ ಓದಿದ ನನಗೆ ಯಾವುದೇ ವ್ಯವಸ್ಥೆ ಎಲ್ಲಿ ಕೆಟ್ಟಿದೆ ಅಂತ ಹುಡುಕೋ ಚಟ. ಇಲ್ಲಿ ಏನೂ ಕೆಟ್ಟಿರಲಿಲ್ಲ ನೋಡಿ, ಬರೆದ ಹಾಗೇ ಓಡುತ್ತಿತ್ತು.

1958ರಲ್ಲಿ ಮೋರಿಸ್ ಸೋಕ್‌ನಲ್ಲಿ ಕುಡಿತದ ಗಲಾಟೆಯ ನಡುವೆ ಒಬ್ಬ ಹೆಣ್ಣುಮಗಳ ಕೊಲೆಯಾಯಿತು. ಆ ಸಾವು ಸಣ್ಣದಲ್ಲ, ಅಲ್ಲಿನ ಕುಡಿತದ ಮೇಲೆ ಕಣ್ಣು ಬಿದ್ದದ್ದರಲ್ಲಿ ತಪ್ಪೂ ಇಲ್ಲ. ಆದರೆ ನಮಾಟ್ಜಿರಾ ಮೇಲೆ ಬಂದ ಆರೋಪ ಬೇರೆಯದೇ: ತಮ್ಮ ಕುಲದವನೇ ಆದ ಕಲಾವಿದ ಹೆನಾಕ್ ರಬೆರಾಬಾ ಕೈಗೆ ಸಿಗುವಂತೆ ಕಾರಿನ ಸೀಟಿನ ಮೇಲೆ ರಮ್ ಬಾಟಲಿ ಬಿಟ್ಟದ್ದು. ಆರು ತಿಂಗಳ ಶಿಕ್ಷೆಯಾಯಿತು. ದೇಶದಾದ್ಯಂತ ಗದ್ದಲವೆದ್ದಿತು, ಮೇಲ್ಮನವಿಯಲ್ಲಿ ಅದು ಮೂರು ತಿಂಗಳಿಗೆ ಇಳಿಯಿತು, ಹೈಕೋರ್ಟ್ ಮಾತ್ರ ಮಧ್ಯೆ ಬರಲು ಒಪ್ಪಲಿಲ್ಲ. ಜೈಲಿನ ಬದಲು ಪಪುನ್ಯಾ ಎಂಬ ಮೀಸಲು ಪ್ರದೇಶದಲ್ಲಿ ಇಟ್ಟರು, ಎರಡು ತಿಂಗಳಿಗೆ ಬಿಟ್ಟರು. ಹೊರಬಂದ ಮನುಷ್ಯ ಕುಗ್ಗಿಹೋಗಿದ್ದರು. 1959ರ ಆಗಸ್ಟ್ 8ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡರು, 57 ವರ್ಷ.

ವಾರ್ಡ್ ಪಟ್ಟಿ 1964ರಲ್ಲಿ ಹೋಯಿತು. ಕಸ್ಟಡಿಯಲ್ಲಿ ಸತ್ತ 99 ಮೂಲನಿವಾಸಿಗಳ ಬಗ್ಗೆ ವಿಚಾರಣೆ ನಡೆಸಿದ ರಾಯಲ್ ಕಮಿಷನ್ 1991ರಲ್ಲಿ 339 ಶಿಫಾರಸು ಕೊಟ್ಟಿತು. ಬೀದಿಯಲ್ಲಿ ಕುಡಿದಿದ್ದಾರೆ ಅನ್ನೋದನ್ನೇ ಅಪರಾಧ ಮಾಡಬೇಡಿ ಎಂಬುದು ಅದರಲ್ಲೊಂದು. ವಿಕ್ಟೋರಿಯಾ ರಾಜ್ಯ ಅದನ್ನು ಜಾರಿಗೆ ತಂದದ್ದು 2023ರ ನವೆಂಬರ್‌ನಲ್ಲಿ.