ಡಾ. ಯಲ್ಲಾಪ್ರಗಡ ಸುಬ್ಬರಾಯರು

ಆಂಧ್ರದ ಭೀಮವರಂನಲ್ಲಿ 1895ನೆಯ ಜನವರಿ 12ರಂದು ಜನಿಸಿದ ಸುಬ್ಬರಾಯರದು ಬಡ ಮನೆತನ. ಎಳವೆಯಲ್ಲಿಯೇ ಪಿತೃವಿಯೋಗವಾಯಿತು. ಮೆಟ್ರಿಕ್ಯುಲೇಶನ್ ಪರೀಕ್ಷೆ ಕೈಗೂಡಿದುದು ಮೂರನೆಯ ಸಲಕ್ಕೆ. ಸಂನ್ಯಾಸದ ಹಂಬಲದಿಂದ ರಾಮಕೃಷ್ಣ ಮಠವನ್ನು ಆಶ್ರಯಿಸಿದ ತರುಣನನ್ನು ಅಲ್ಲಿಯ ಯತಿಗಳೇ ವೈದ್ಯವಿದ್ಯೆಯತ್ತ ತಿರುಗಿಸಿದರು. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಶಸ್ತ್ರವೈದ್ಯದ ಪ್ರಾಧ್ಯಾಪಕರ ಅವಕೃಪೆಗೆ ಗುರಿಯಾದ ಅವರಿಗೆ ಪೂರ್ಣ ಪದವಿಯ ಬದಲು ಕೆಳದರ್ಜೆಯ ಪ್ರಮಾಣಪತ್ರ ದೊರೆಯಿತು.

ಇಬ್ಬರು ಸೋದರರು ಕೆಲವೇ ದಿನಗಳ ಅಂತರದಲ್ಲಿ ಸಂಗ್ರಹಣಿ ರೋಗಕ್ಕೆ ಬಲಿಯಾದರು. ಈ ವ್ಯಾಧಿಯಲ್ಲಿ ಕರುಳಿನ ಒಳಗೋಡೆಯ ಕೋಶಗಳು ಹೀರುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ರೋಗಿಯು ತುಂಬಿದ ಗಂಗಾಳದ ಮುಂದೆ ಕುಳಿತೇ ಕೃಶನಾಗುತ್ತಾನೆ. ಆ ಹೀರಿಕೆಯ ಮರ್ಮವಿರುವುದು ಕೋಶದ ಪೊರೆಯಲ್ಲಿ. ಪ್ರತಿಯೊಂದು ಜೀವಕೋಶವನ್ನೂ ಎರಡು ಪದರದ ಮೇದಸ್ಸಿನ ತೆಳುಪೊರೆ ಸುತ್ತುವರಿದಿದೆ. ಮೇದಸ್ಸಿನ ಅಣುಗಳ ನೀರೊಲ್ಲದ ಬಾಲಗಳು ನಡುವಿನಲ್ಲಿಯೂ ನೀರೊಲಿದ ತಲೆಗಳು ಎರಡು ಹೊರಬದಿಗಳಲ್ಲಿಯೂ ನಿಂತಿರುವುದರಿಂದ ಉಪ್ಪು, ಸಕ್ಕರೆಗಳು ತಾವಾಗಿ ನುಸುಳಲಾರವು. ಪೊರೆಯಲ್ಲಿ ಹುದುಗಿರುವ ಪ್ರೋಟೀನುಗಳೇ ಅವುಗಳಿಗೆ ದ್ವಾರ, ಅವೇ ದ್ವಾರಪಾಲಕರು. ಅಥಣಿ, ರಾಯಬಾಗಗಳ ಬೆಲ್ಲವನ್ನು ಮೆದ್ದ ಬಾಲಕನ ಕರುಳಿನಲ್ಲಿ ಅದು ಒಡೆದು ಬಂದ ಗ್ಲೂಕೋಸು ಸೋಡಿಯಂ ಕಣಗಳ ಜೊತೆಗೂಡಿ ಇಂಥ ದ್ವಾರದಿಂದಲೇ ಒಳಹೊಗುತ್ತದೆ. ಬಂದ ಸೋಡಿಯಮ್ಮನ್ನು ಕೋಶವು ಮತ್ತೆ ಹೊರದಬ್ಬಬೇಕು. ಏತ ಎತ್ತುವವನಿಗೆ ಕೂಲಿ ತೆರಬೇಕಾದಂತೆ ಈ ಕಾರ್ಯಕ್ಕೆ ಶಕ್ತಿ ವೆಚ್ಚವಾಗುತ್ತದೆ.

ಆ ಕೂಲಿಯ ನಾಣ್ಯವನ್ನು ಕಂಡುಹಿಡಿದವರಲ್ಲಿ ಸುಬ್ಬರಾಯರೊಬ್ಬರು. ಮಾವನವರ ನೆರವು ಹಾಗೂ ಕಾಕಿನಾಡದ ಸತ್ಯಲಿಂಗ ನಾಯಕರ ಧರ್ಮನಿಧಿಯ ಸಹಾಯದಿಂದ ಅವರು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಶಿರಸಂಗಿ ಲಿಂಗರಾಜರ ದತ್ತಿಯನ್ನು ಬಲ್ಲ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಸೀಮೆಯ ಜನಕ್ಕೆ ಇಂಥ ದಾನದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಸೈರಸ್ ಫಿಸ್ಕೆಯವರೊಡನೆ 1925ರಲ್ಲಿ ರಂಜಕವನ್ನು ಅಳೆಯುವ ವಿಧಾನವನ್ನೂ 1927ರಲ್ಲಿ ಸ್ನಾಯುವಿನ ಫಾಸ್ಫೋಕ್ರಿಯಾಟಿನನ್ನೂ ಅವರು ಪ್ರಕಟಿಸಿದರು. 1929ರಲ್ಲಿ ಹೊರಬಂದುದೇ ಅಡೆನೋಸಿನ್ ಟ್ರೈಫಾಸ್ಫೇಟ್. ಅದೇ ವರ್ಷ ಜರ್ಮನಿಯ ಲೋಮನ್ ಕೂಡ ಅದನ್ನು ಕಂಡಿದ್ದರು. ಇಷ್ಟಾದರೂ ಹಾರ್ವರ್ಡಿನಲ್ಲಿ ಸುಬ್ಬರಾಯರಿಗೆ ಸ್ಥಿರವಾದ ಪೀಠ ದೊರೆಯದೆ ಹೋದುದು ವಿದ್ವತ್ತಿಗೆ ಸಂದ ಗೌರವವೇನೂ ಅಲ್ಲ.

1940ರಲ್ಲಿ ಅವರು ಲೆಡರ್ಲೆ ಪ್ರಯೋಗಾಲಯಕ್ಕೆ ಬಂದರು. ಅವರ ನೇತೃತ್ವದ ತಂಡವು 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ಸಿದ್ಧಪಡಿಸಿತು. ಸೋದರರನ್ನು ಕೊಂದ ಸಂಗ್ರಹಣಿಗೆ ಅದು ಔಷಧವಾಯಿತು. ಫೋಲಿಕ್ ಆಮ್ಲವನ್ನೇ ಹೋಲುವ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟುಗಳೂ ಆ ಪ್ರಯೋಗಾಲಯದಿಂದಲೇ ಬಂದವು. ವೇಷ ಮರೆಸಿದ ಶತ್ರುವಿನಂತೆ ಇವು ಫೋಲೇಟಿನ ದ್ವಾರದಿಂದಲೇ ಪೊರೆಯನ್ನು ದಾಟಿ ಅರ್ಬುದ ಕೋಶದ ಬೆಳವಣಿಗೆಯನ್ನು ತಡೆಯುತ್ತವೆ. ಬೋಸ್ಟನ್ನಿನ ಸಿಡ್ನಿ ಫಾರ್ಬರರು ಅಮಿನಾಪ್ಟೆರಿನ್ನಿನಿಂದ ರಕ್ತಾರ್ಬುದ ಪೀಡಿತ ಮಕ್ಕಳಿಗೆ ತಾತ್ಕಾಲಿಕ ಉಪಶಮನ ದೊರೆತುದನ್ನು 1948ರಲ್ಲಿ ಪ್ರಕಟಿಸಿದರು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ತಾಯ್ನಾಡಿಗೆ ಮರಳಲೇ ಇಲ್ಲ. ಪತ್ನಿ ಶೇಷಗಿರಿಯವರು ಅವರನ್ನು ಮತ್ತೆ ಕಾಣಲಿಲ್ಲ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳಲ್ಲಿ ಪೊರೆಯ ಏತವನ್ನು ಗುರುತಿಸಿದರು. ಅಡೆನೋಸಿನ್ ಟ್ರೈಫಾಸ್ಫೇಟಿನ ಒಂದು ಅಣು ವೆಚ್ಚವಾದರೆ ಮೂರು ಸೋಡಿಯಂ ಕಣಗಳು ಹೊರಕ್ಕೆ, ಎರಡು ಪೊಟ್ಯಾಸಿಯಂ ಕಣಗಳು ಒಳಕ್ಕೆ ಸಾಗುತ್ತವೆ.