ವೈದ್ಯವಿದ್ಯಾರ್ಥಿ ರಾಬರ್ಟ್ ಕಾಕ್

ಕ್ಷಯ, ಕಾಲರಾ ಮೊದಲಾದ ವ್ಯಾಧಿಗಳು ಒಂದು ಕಾಲದಲ್ಲಿ ಮನೆಮನೆಗಳನ್ನು ಬರಿದುಮಾಡುತ್ತಿದ್ದವು. ಅವು ಏಕೆ ಬರುತ್ತವೆ, ಹೇಗೆ ಹರಡುತ್ತವೆ ಎಂಬುದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಕೆಟ್ಟ ಗಾಳಿಯೇ ಕಾರಣವೆಂದು ಕೆಲವರು, ವಂಶದಿಂದ ಬಂದ ದೌರ್ಬಲ್ಯವೇ ಕಾರಣವೆಂದು ಕೆಲವರು, ದೈವಕೋಪವೆಂದು ಮತ್ತೆ ಕೆಲವರು ನಂಬಿದ್ದರು. ಈ ಅಜ್ಞಾನದ ತೆರೆಯನ್ನು ಸರಿಸಿ, ಇಂಥ ರೋಗಕ್ಕೆ ಇಂಥದೇ ರೋಗಾಣು ಕಾರಣವೆಂಬುದನ್ನು ಪ್ರಯೋಗಗಳ ಮೂಲಕ ಸಿದ್ಧಪಡಿಸಿ ತೋರಿಸಿದವರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅಗ್ರಗಣ್ಯನು. ಅವನ ಕೀರ್ತಿ ಹಬ್ಬಿದ್ದು ಬರ್ಲಿನ್ ಮಹಾನಗರದಿಂದ. ಆದರೆ ಅವನ ಬುದ್ಧಿಗೆ ಸಾಣೆ ಹಿಡಿದದ್ದು ಒಂದು ಚಿಕ್ಕ ಊರಿನ ವಿಶ್ವವಿದ್ಯಾನಿಲಯ.

ರಾಬರ್ಟ್ ಕಾಕ್ ೧೮೪೩ರ ಡಿಸೆಂಬರ್ ೧೧ರಂದು ಹಾರ್ಟ್ಸ್ ಪರ್ವತಪ್ರದೇಶದ ಕ್ಲಾಸ್ತಾಲ್ ಎಂಬ ಗಣಿಗಾರರ ಊರಿನಲ್ಲಿ ಜನಿಸಿದನು. ಆ ಪ್ರದೇಶ ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು. ಅವನ ತಂದೆ ಗಣಿಗಳಿಗೆ ಸಂಬಂಧಿಸಿದ ಅಧಿಕಾರದಲ್ಲಿದ್ದನು. ಆ ದಂಪತಿಗಳ ಹದಿಮೂರು ಮಕ್ಕಳಲ್ಲಿ ರಾಬರ್ಟ್ ಮೂರನೆಯವನು. ಐದು ವರ್ಷದ ಬಾಲಕನಾಗಿದ್ದಾಗಲೇ ಅವನು ವೃತ್ತಪತ್ರಿಕೆಗಳನ್ನು ಮುಂದಿಟ್ಟುಕೊಂಡು ತಾನಾಗಿಯೇ ಓದಲು ಕಲಿತು ತಂದೆತಾಯಿಗಳನ್ನು ಬೆರಗುಗೊಳಿಸಿದನೆಂದು ಹೇಳುತ್ತಾರೆ. ಕಾಡುಮೇಡುಗಳಲ್ಲಿ ಅಲೆದು ಗಿಡಬಳ್ಳಿ, ಕೀಟ, ಕಲ್ಲುಗಳನ್ನು ಸಂಗ್ರಹಿಸುವುದು ಅವನಿಗೆ ಪ್ರಿಯವಾಗಿತ್ತು. ದೂರದೇಶಗಳನ್ನು ಸುತ್ತಿ ನೋಡಬೇಕೆಂಬ ಹಂಬಲವೂ ಚಿಕ್ಕಂದಿನಿಂದ ಅವನ ಮನಸ್ಸಿನಲ್ಲಿ ಬೇರೂರಿತ್ತು. ಅವನ ಸಹೋದರರಲ್ಲಿ ಕೆಲವರು ಮುಂದೆ ಅಮೆರಿಕಕ್ಕೆ ವಲಸೆ ಹೋದರು. ರಾಬರ್ಟನ ಪಾಲಿಗೆ ಮಾತ್ರ ಮೊದಲು ಬಂದದ್ದು ವಿದ್ಯಾಭ್ಯಾಸ.

೧೮೬೨ರಲ್ಲಿ, ಹದಿನೆಂಟು ವರ್ಷದವನಾಗಿದ್ದಾಗ, ಕಾಕ್ ಗಾಟಿಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಗಾಟಿಂಗೆನ್ ದೊಡ್ಡ ನಗರವಲ್ಲ. ಬಂದರು, ಅರಮನೆಗಳ ವೈಭವವೂ ಅಲ್ಲಿರಲಿಲ್ಲ. ಹಳೆಯ ಕೋಟೆಯ ದಿಣ್ಣೆಯ ಮೇಲೆ ನಡೆದು ಊರನ್ನೆಲ್ಲ ಒಂದು ಸುತ್ತು ಹಾಕಿ ಬರಬಹುದಾಗಿತ್ತು. ಆದರೆ ೧೭೩೭ರಲ್ಲಿ ವಿಧ್ಯುಕ್ತವಾಗಿ ಆರಂಭಗೊಂಡ ಅಲ್ಲಿನ ವಿಶ್ವವಿದ್ಯಾನಿಲಯದ ಕೀರ್ತಿ ಯೂರೋಪಿನಾದ್ಯಂತ ಹರಡಿತ್ತು. ಗಣಿತಜ್ಞರ ಚಕ್ರವರ್ತಿಯೆನಿಸಿದ ಗೌಸ್ ೧೮೫೫ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ನೆಲಸಿದ್ದನು. ಊರೆಂದರೆ ವಿಶ್ವವಿದ್ಯಾನಿಲಯ, ವಿಶ್ವವಿದ್ಯಾನಿಲಯವೆಂದರೆ ಊರು ಎನ್ನುವಂತಿತ್ತು ಅಲ್ಲಿನ ಜೀವನ. ವಿದ್ಯಾರ್ಥಿಗಳು ಊರಿನ ಜನರ ಮನೆಗಳಲ್ಲಿ ಕೊಠಡಿಗಳನ್ನು ಬಾಡಿಗೆಗೆ ಹಿಡಿದು ಇರುತ್ತಿದ್ದರು. ಜಗದ್ವಿಖ್ಯಾತನಾದ ಪ್ರಾಧ್ಯಾಪಕನೂ ನಿನ್ನೆ ಮೊನ್ನೆ ಬಂದ ವಿದ್ಯಾರ್ಥಿಯೂ ಅವೇ ಬೀದಿಗಳಲ್ಲಿ ಎದುರುಬದುರಾಗುತ್ತಿದ್ದರು. ಆ ಕಾಲದ ಜರ್ಮನಿಯ ವಿದ್ಯಾರ್ಥಿಸಂಘಗಳಲ್ಲಿ ಪಾನಗೋಷ್ಠಿ, ಹಾಡು, ಕತ್ತಿವರಸೆಗಳ ಸಡಗರ ಹೆಚ್ಚು. ಮುಖದ ಮೇಲೆ ಕತ್ತಿಯ ಗಾಯದ ಗುರುತಿದ್ದರೆ ಅದನ್ನೊಂದು ಹೆಮ್ಮೆಯೆಂದು ಭಾವಿಸುವವರೂ ಇದ್ದರು. ಕಾಕ್‌ನನ್ನು ಸೆಳೆದದ್ದು ಪ್ರಯೋಗಶಾಲೆ.

ಮೊದಲು ಅವನು ಆರಿಸಿಕೊಂಡದ್ದು ಪ್ರಕೃತಿವಿಜ್ಞಾನವನ್ನು. ಉಪಾಧ್ಯಾಯನಾಗಬೇಕೆಂಬ ಆಲೋಚನೆ ಅವನಿಗಿತ್ತು. ಆದರೆ ಹೆಚ್ಚು ಕಾಲ ಕಳೆಯುವ ಮೊದಲೇ ಅವನ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. ಹಡಗಿನ ವೈದ್ಯನಾಗಿ ದೇಶದೇಶಗಳನ್ನು ನೋಡಬೇಕೆಂಬ ಆಸೆಯೂ ಅವನಲ್ಲಿತ್ತು.

ಗಾಟಿಂಗೆನ್ನಿನ ಗುರುಗಳು ಸಾಮಾನ್ಯರಾಗಿರಲಿಲ್ಲ. ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದವನು ಫ್ರೀಡ್ರಿಕ್ ವೋಲರ್. ಜೀವಿಗಳ ದೇಹದಲ್ಲಿ ಮಾತ್ರ ಉತ್ಪತ್ತಿಯಾಗುವುದೆಂದು ಎಲ್ಲರೂ ನಂಬಿದ್ದ ಯೂರಿಯಾವನ್ನು ೧೮೨೮ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ ಮಹನೀಯನು ಅವನೇ. ಶರೀರಕ್ರಿಯಾಶಾಸ್ತ್ರಕ್ಕೆ ಗೇಯಾರ್ಗ್ ಮೈಸ್ನರ್ ಇದ್ದನು. ನಮ್ಮ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಸೂಕ್ಷ್ಮ ಅಂಗಗಳಿಗೆ ಇಂದಿಗೂ ಅವನ ಹೆಸರಿದೆ. ರೋಗಿಗಳ ಹಾಸಿಗೆಯ ಬಳಿ ನಿಂತು ಪಾಠ ಹೇಳುತ್ತಿದ್ದವನು ಕಾರ್ಲ್ ಹಾಸ್ಸೆ. ಅಂಗರಚನಾಶಾಸ್ತ್ರದ ಪೀಠವನ್ನು ಯಾಕೋಬ್ ಹೆನ್ಲೆ ಅಲಂಕರಿಸಿದ್ದನು. ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಕಾಣುವ ಬಾಗನ್ನು ಹೆನ್ಲೆಯ ಕುಣಿಕೆ ಎಂದು ಜೀವಶಾಸ್ತ್ರದಲ್ಲಿ ಕರೆಯುತ್ತಾರಲ್ಲವೆ? ಆ ರಚನೆಯನ್ನು ಅವನು ವರ್ಣಿಸಿದ್ದು ಕಾಕ್ ಗಾಟಿಂಗೆನ್ನಿಗೆ ಬಂದ ೧೮೬೨ರಲ್ಲಿಯೇ. ಸಾಂಕ್ರಾಮಿಕ ರೋಗಗಳಿಗೆ ಕಣ್ಣಿಗೆ ಕಾಣದ ಜೀವಿಗಳು ಕಾರಣವಾಗಿರಬೇಕೆಂದು ೧೮೪೦ರಲ್ಲಿ ಹೆನ್ಲೆ ವಾದಿಸಿದ್ದನು. ಅದಕ್ಕೆ ಬೇಕಾದ ಪ್ರಮಾಣ ಆಗ ದೊರೆತಿರಲಿಲ್ಲ. ರೋಗಾಣುಶಾಸ್ತ್ರವೆಂಬ ವಿಷಯವೇ ಆಗಿನ ಪಾಠಪಟ್ಟಿಯಲ್ಲಿ ಇರಲಿಲ್ಲ. ಆದುದರಿಂದ ಕಾಕ್ ಗುರುಗಳಿಂದ ಪಡೆದದ್ದು ಸಿದ್ಧವಾದ ಉತ್ತರಗಳನ್ನಲ್ಲ, ಸಂಶೋಧನೆಯ ಅಭಿರುಚಿಯನ್ನು. ಕಂಡದ್ದನ್ನು ನಿಖರವಾಗಿ ನೋಡುವುದು, ನೋಡಿದ್ದನ್ನು ಇದ್ದಂತೆ ಚಿತ್ರಿಸುವುದು, ಪ್ರಮಾಣವಿಲ್ಲದೆ ಏನನ್ನೂ ಒಪ್ಪದಿರುವುದು ಇವು ಅವನ ಸ್ವಭಾವದಲ್ಲಿ ಬೆರೆತುಹೋದವು.

ವಿದ್ಯಾರ್ಥಿಯಾಗಿದ್ದಾಗಲೇ ಕಾಕ್ ಗರ್ಭಕೋಶದ ನರಗಳನ್ನು ಕುರಿತು ಒಂದು ಪ್ರಬಂಧವನ್ನು ಸಿದ್ಧಪಡಿಸಿ ವೈದ್ಯವಿಭಾಗದ ಬಹುಮಾನವನ್ನು ಗಳಿಸಿದನು. ಕೂದಲೆಳೆಗಿಂತಲೂ ಸೂಕ್ಷ್ಮವಾದ ಆ ತಂತುಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಲು ಎಷ್ಟು ತಾಳ್ಮೆ ಬೇಕೆಂಬುದನ್ನು ಊಹಿಸಿಕೊಳ್ಳಬಹುದು. ಅನಂತರ ಪದವಿಗಾಗಿ ಅವನು ಕೈಗೊಂಡ ಸಂಶೋಧನೆ ಇನ್ನೂ ಸ್ವಾರಸ್ಯವಾದದ್ದು. ಮನುಷ್ಯನ ದೇಹದಲ್ಲಿ ಸಕ್ಸಿನಿಕ್ ಆಮ್ಲ ಹೇಗೆ ಉಂಟಾಗುತ್ತದೆ ಎಂಬುದನ್ನು ತಿಳಿಯಲು ಅವನು ತನ್ನ ಶರೀರವನ್ನೇ ಪ್ರಯೋಗಕ್ಕೆ ಒಡ್ಡಿದನು. ಕೆಲವು ದಿನಗಳ ಕಾಲ ದಿನಕ್ಕೆ ಸುಮಾರು ಅರ್ಧ ಪೌಂಡಿನಷ್ಟು ಬೆಣ್ಣೆಯನ್ನು ತಿಂದು, ತನ್ನ ಮೂತ್ರವನ್ನು ತಾನೇ ಪರೀಕ್ಷಿಸಿದನು. ಬೆಣ್ಣೆಯ ಮುಖ ಕಂಡರೇ ಹೇಸಿಕೆಯಾಗುವ ಸ್ಥಿತಿ ಬಂದಿದ್ದರೂ ಆಶ್ಚರ್ಯವಿಲ್ಲ! ೧೮೬೬ರ ಜನವರಿಯಲ್ಲಿ ಅವನು ಉನ್ನತ ಶ್ರೇಣಿಯಲ್ಲಿ ವೈದ್ಯಪದವಿಯನ್ನು ಪಡೆದನು.

ಪದವಿ ಬಂದಿತೆಂದ ಮಾತ್ರಕ್ಕೆ ಸುಖದ ದಾರಿ ತೆರೆಯಲಿಲ್ಲ. ಅದೇ ವರ್ಷ ಹ್ಯಾಂಬರ್ಗ್ ನಗರದ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾಗಿದ್ದಾಗ ಅವನು ಕಾಲರಾ ರೋಗಿಗಳನ್ನು ಕಂಡನು. ೧೮೬೭ರಲ್ಲಿ ಎಮ್ಮಿ ಫ್ರಾಟ್ಸ್ ಎಂಬಾಕೆಯನ್ನು ವಿವಾಹವಾದನು. ಸಂಸಾರದ ಹೊಣೆ ಹೆಗಲಿಗೇರಿದಾಗ ಹಡಗಿನ ವೈದ್ಯನಾಗುವ ಕನಸು ದೂರ ಸರಿಯಿತು. ಹೊಟ್ಟೆಪಾಡಿಗಾಗಿ ಅವನು ಒಂದು ಸಣ್ಣ ಊರಿನಿಂದ ಇನ್ನೊಂದಕ್ಕೆ ಅಲೆಯಬೇಕಾಯಿತು. ೧೮೭೦ರಲ್ಲಿ ಫ್ರಾನ್ಸಿನೊಡನೆ ಯುದ್ಧ ನಡೆದಾಗ ಸ್ವಇಚ್ಛೆಯಿಂದ ಸೇನೆಯ ವೈದ್ಯನಾಗಿ ಸೇವೆ ಸಲ್ಲಿಸಿದನು. ಕಡೆಗೆ ೧೮೭೨ರಲ್ಲಿ ವೋಲ್‌ಸ್ಟೈನ್ ಎಂಬ ಊರಿನಲ್ಲಿ ಜಿಲ್ಲಾ ವೈದ್ಯಾಧಿಕಾರಿಯಾಗಿ ನೆಲೆನಿಂತನು. ಆ ಊರು ಇಂದು ಪೋಲೆಂಡ್ ದೇಶದಲ್ಲಿದೆ.

ವೋಲ್‌ಸ್ಟೈನಿನಲ್ಲಿ ವಿಶ್ವವಿದ್ಯಾನಿಲಯವಿರಲಿಲ್ಲ, ದೊಡ್ಡ ಗ್ರಂಥಾಲಯವಿರಲಿಲ್ಲ, ವಿಚಾರವಿನಿಮಯಕ್ಕೆ ವಿದ್ವಾಂಸರೂ ಇರಲಿಲ್ಲ. ಹಗಲೆಲ್ಲ ರೋಗಿಗಳ ಶುಶ್ರೂಷೆ. ಆ ಸೀಮೆಯ ದನಕುರಿಗಳು ಆಂತ್ರಾಕ್ಸ್ ರೋಗಕ್ಕೆ ತುತ್ತಾಗಿ ಇದ್ದಕ್ಕಿದ್ದಂತೆ ಸಾಯುತ್ತಿದ್ದವು. ನಮ್ಮ ರೈತರು ಇದನ್ನು ನೆರಡಿ ರೋಗವೆಂದು ಕರೆಯುತ್ತಾರೆ. ಸತ್ತ ಪ್ರಾಣಿಗಳ ರಕ್ತದಲ್ಲಿ ಕಡ್ಡಿಯಂಥ ಸೂಕ್ಷ್ಮಜೀವಿಗಳು ಇರುವುದನ್ನು ಕಾಕ್‌ಗಿಂತ ಮೊದಲೇ ಕೆಲವು ವಿಜ್ಞಾನಿಗಳು ನೋಡಿದ್ದರು. ಅವು ರೋಗದ ಕಾರಣವೋ, ರೋಗದ ಪರಿಣಾಮವೋ ಎಂಬ ವಿವಾದ ಮಾತ್ರ ಬಗೆಹರಿದಿರಲಿಲ್ಲ. ಗಾಟಿಂಗೆನ್ನಿನ ವಿದ್ಯಾರ್ಥಿ ಈಗ ಎಚ್ಚೆತ್ತನು. ತನ್ನ ಮನೆಯಲ್ಲಿಯೇ ಒಂದು ಭಾಗವನ್ನು ತೆರೆ ಕಟ್ಟಿ ಮರೆಮಾಡಿ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡನು. ಇಲಿಗಳಿಗೆ ಮರದ ಸಣ್ಣ ಚೂರಿನಿಂದ ರೋಗದ ರಕ್ತವನ್ನು ಸೋಕಿಸಿದನು. ಒಂದು ಇಲಿಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ರೋಗ ದಾಟುವುದನ್ನು ಕಂಡನು. ಎತ್ತಿನ ಕಣ್ಣಿನೊಳಗಿನ ಸ್ವಚ್ಛವಾದ ದ್ರವದಲ್ಲಿ ಆ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಅವು ನೀಳವಾದ ಎಳೆಗಳಾಗುವುದನ್ನೂ, ಎಳೆಗಳಲ್ಲಿ ಬೀಜಕಣಗಳು ಮೂಡುವುದನ್ನೂ ಗಂಟೆಗಟ್ಟಲೆ ಕುಳಿತು ನೋಡಿದನು. ಈ ಬೀಜಕಣಗಳು ಮಣ್ಣಿನಲ್ಲಿ ಬಹುಕಾಲ ಜೀವಂತವಾಗಿ ಉಳಿಯಬಲ್ಲವು. ಅದರಿಂದಲೇ ಕೆಲವು ಹುಲ್ಲುಗಾವಲುಗಳು ವರ್ಷಗಳ ಮೇಲೂ ದನಗಳಿಗೆ ಮೃತ್ಯುಸ್ಥಾನಗಳಾಗುತ್ತಿದ್ದವು.

೧೮೭೬ರಲ್ಲಿ ಕಾಕ್ ತನ್ನ ಸಲಕರಣೆಗಳನ್ನು ಹೊತ್ತುಕೊಂಡು ಬ್ರೆಸ್ಲೌ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಫರ್ಡಿನಂಡ್ ಕೋನ್ ಎಂಬವನ ಬಳಿಗೆ ಹೋದನು. ಹೆಸರಿಲ್ಲದ ಊರಿನ ವೈದ್ಯನೊಬ್ಬ ಏನನ್ನು ತೋರಿಸಿಯಾನೆಂದು ಅಲ್ಲಿನ ಪಂಡಿತರು ಅನುಮಾನಿಸಬಹುದಾಗಿತ್ತು. ಮೂರು ದಿನಗಳ ಕಾಲ ಅವರ ಕಣ್ಣೆದುರಿನಲ್ಲಿಯೇ ಪ್ರಯೋಗಗಳನ್ನು ನಡೆಸಿ ಕಾಕ್ ಅವರನ್ನು ಒಪ್ಪಿಸಿದನು. ಅದೇ ವರ್ಷ ಕೋನ್ ತನ್ನ ಪತ್ರಿಕೆಯಲ್ಲಿ ಆ ಸಂಶೋಧನೆಯನ್ನು ಪ್ರಕಟಿಸಿದನು. ಒಂದು ನಿರ್ದಿಷ್ಟ ರೋಗಕ್ಕೆ ಒಂದು ನಿರ್ದಿಷ್ಟ ಸೂಕ್ಷ್ಮಜೀವಿಯೇ ಕಾರಣವೆಂಬುದಕ್ಕೆ ಭದ್ರವಾದ ಪ್ರಮಾಣ ಹೀಗೆ ದೊರೆಯಿತು.

೧೮೮೦ರಲ್ಲಿ ಕಾಕ್‌ನಿಗೆ ಬರ್ಲಿನ್ನಿನ ಆರೋಗ್ಯ ಕಚೇರಿಯಿಂದ ಕರೆ ಬಂದಿತು. ಅಲ್ಲಿ ಅವನು ಹಿಡಿದ ಗುರಿ ಕ್ಷಯರೋಗ. ಆ ಕಾಲದಲ್ಲಿ ಏಳು ಸಾವುಗಳಲ್ಲಿ ಒಂದು ಕ್ಷಯದಿಂದ ಸಂಭವಿಸುತ್ತದೆಂದು ಅಂದಾಜು ಮಾಡಿದ್ದರು. ಅದರ ರೋಗಾಣು ಅತಿ ಸೂಕ್ಷ್ಮವಾದದ್ದು. ಸುಲಭವಾಗಿ ಬಣ್ಣವನ್ನು ಹಿಡಿಯದು. ಬೆಳೆಯುವುದೂ ಬಹಳ ನಿಧಾನ. ವಾರಗಟ್ಟಲೆ ಕಾದು, ಹೊಸ ಬಣ್ಣಗಳನ್ನು ಬಳಸಿ, ಹೆಪ್ಪುಗಟ್ಟಿಸಿದ ರಕ್ತರಸದ ಮೇಲೆ ಬೆಳೆಸಿ ಕಾಕ್ ಅದನ್ನು ಹಿಡಿದನು. ೧೮೮೨ರ ಮಾರ್ಚ್ ೨೪ರಂದು ಬರ್ಲಿನ್ನಿನ ವಿದ್ವತ್ಸಭೆಯ ಮುಂದೆ ತನ್ನ ಶೋಧವನ್ನು ಮಂಡಿಸಿದನು. ಇಂದು ಆ ದಿನವನ್ನೇ ವಿಶ್ವ ಕ್ಷಯರೋಗ ದಿನವೆಂದು ಆಚರಿಸಲಾಗುತ್ತದೆ.

ದೇಶ ನೋಡುವ ಬಾಲ್ಯದ ಹಂಬಲವೂ ಬೇರೊಂದು ಬಗೆಯಲ್ಲಿ ಈಡೇರಿತು. ೧೮೮೩ರಲ್ಲಿ ಈಜಿಪ್ಟಿನಲ್ಲಿ ಕಾಲರಾ ಹಬ್ಬಿದಾಗ ಕಾಕ್ ಅಲ್ಲಿಗೆ ತೆರಳಿದನು. ಅಲ್ಲಿ ಜಾಡ್ಯ ಇಳಿಮುಖವಾದುದರಿಂದ ಕಲ್ಕತ್ತಕ್ಕೆ ಬಂದನು. ಕಾಲರಾದಿಂದ ಸತ್ತವರ ಕರುಳಿನಲ್ಲಿ ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ರೋಗಾಣುವನ್ನು ಕಂಡು, ಬೇರ್ಪಡಿಸಿ ಬೆಳೆಸಿದನು. ಜನರು ಸ್ನಾನಕ್ಕೂ ಬಟ್ಟೆ ಒಗೆಯಲೂ ಕುಡಿಯಲೂ ಬಳಸುತ್ತಿದ್ದ ಕೊಳದ ನೀರಿನಲ್ಲಿಯೂ ಅದೇ ರೋಗಾಣುವನ್ನು ಕಂಡನು. ೧೮೫೪ರಲ್ಲಿಯೇ ಇಟಲಿಯ ಪಾಚಿನಿ ಎಂಬವನು ಈ ರೋಗಾಣುವನ್ನು ಕಂಡಿದ್ದರೂ ಆ ಮಾತು ಪ್ರಚಾರಕ್ಕೆ ಬಂದಿರಲಿಲ್ಲ.

ಇಂಥ ಮೇಧಾವಿಯೂ ಒಮ್ಮೆ ಎಡವಿದನು. ೧೮೯೦ರಲ್ಲಿ, ಕ್ಷಯದ ರೋಗಾಣುವಿನ ಬೆಳವಣಿಗೆಯನ್ನು ತಡೆಯುವ ಪದಾರ್ಥವೊಂದು ತನಗೆ ದೊರೆತಿದೆಯೆಂದು ಅವನು ಘೋಷಿಸಿದನು. ಟ್ಯುಬರ್ಕ್ಯುಲಿನ್ ಎಂದು ಹೆಸರಾದ ಆ ಮದ್ದನ್ನು ಹೇಗೆ ತಯಾರಿಸಿದನೆಂಬುದನ್ನು ಮಾತ್ರ ಮೊದಲು ಗುಟ್ಟಾಗಿಟ್ಟನು. ಪ್ರಾಣದ ಆಸೆಯಿಂದ ರೋಗಿಗಳು ನಾನಾ ಕಡೆಗಳಿಂದ ಬರ್ಲಿನ್ನಿಗೆ ಧಾವಿಸಿದರು. ಮದ್ದು ರೋಗವನ್ನು ಗುಣಪಡಿಸಲಿಲ್ಲ. ಅದನ್ನು ಚುಚ್ಚಿಸಿಕೊಂಡವರಲ್ಲಿ ಕೆಲವರು ಮರಣಹೊಂದಿದರು. ಪ್ರಮಾಣವಿಲ್ಲದೆ ಒಪ್ಪಬಾರದೆಂದು ಕಲಿತಿದ್ದವನು, ಜಗತ್ತು ಪರೀಕ್ಷಿಸಿ ನೋಡುವ ಮೊದಲೇ ತನ್ನ ಮಾತನ್ನು ಒಪ್ಪಬೇಕೆಂದು ಬಯಸಿದಂತಾಯಿತು. ಕೀರ್ತಿಯ ಶಿಖರದಲ್ಲಿರುವವನಿಗೂ ವಿಜ್ಞಾನದ ನಿಯಮದಿಂದ ವಿನಾಯಿತಿಯಿಲ್ಲ. ಮುಂದೆ ಅದೇ ಪದಾರ್ಥ ಕ್ಷಯದ ಸೋಂಕನ್ನು ಪತ್ತೆಹಚ್ಚುವ ಪರೀಕ್ಷೆಗೆ ಉಪಯೋಗವಾಯಿತು.

೧೯೦೫ರಲ್ಲಿ ಕಾಕ್‌ನಿಗೆ ನೊಬೆಲ್ ಬಹುಮಾನ ಸಂದಿತು. ೧೯೧೦ರ ಮೇ ೨೭ರಂದು ಅವನು ಬಾಡೆನ್ ಬಾಡೆನ್ ಎಂಬಲ್ಲಿ ನಿಧನ ಹೊಂದಿದನು. ಕ್ಷಯಕ್ಕೆ ನಿಜವಾದ ಔಷಧಿ ದೊರೆತದ್ದು ೧೯೪೩ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾದ ಮೇಲೆ. ೧೯೫೯ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳು, ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೂ ಈ ರೋಗವನ್ನು ಗುರುತಿಸಬಹುದೆಂದು ತೋರಿಸಿದವು. ಆದರೂ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರು ಇಂದಿಗೂ ಕ್ಷಯಕ್ಕೆ ಬಲಿಯಾಗುತ್ತಿದ್ದಾರೆ. ಕಾಕ್ ಆರಂಭಿಸಿದ ಕೆಲಸ ಇನ್ನೂ ಮುಗಿದಿಲ್ಲ.

ಊರು ಚಿಕ್ಕದಾದರೇನು, ಸಲಕರಣೆ ಕಡಿಮೆಯಾದರೇನು? ಒಳ್ಳೆಯ ಗುರುಗಳ ಬಳಿ ಕಲಿತ ಶ್ರದ್ಧೆ, ತಾಳ್ಮೆ, ಸತ್ಯನಿಷ್ಠೆಗಳು ಮನುಷ್ಯನನ್ನು ಎಲ್ಲಿಗೆ ಹೋದರೂ ಕೈಬಿಡುವುದಿಲ್ಲ. ಅವುಗಳನ್ನು ಅವನು ಕೈಬಿಡದಿರಬೇಕು, ಅಷ್ಟೆ. ಗಾಟಿಂಗೆನ್ನಿನ ವೈದ್ಯವಿದ್ಯಾರ್ಥಿಯ ಜೀವನ ಈ ಎರಡು ಮಾತುಗಳಿಗೂ ಸಾಕ್ಷಿಯಾಗಿದೆ.