ಹತ್ತು ವರ್ಷಕ್ಕೇ ಸಿಂಹಾಸನ ಏರಿದ ಹುಡುಗ

ಮಂಡ್ಯದ ಪೇಟೆಬೀದಿ ಇರಲಿ, ಮದ್ದೂರಿನ ಕಾಫಿ ಹೋಟೆಲ್ ಇರಲಿ, ಮಳವಳ್ಳಿಯ ಗೊಬ್ಬರದ ಅಂಗಡಿ ಇರಲಿ, ಗಲ್ಲಾಪೆಟ್ಟಿಗೆ ಹಿಂದಿನ ಗೋಡೆ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ ಕಾಣೋದು ಅಪರೂಪವೇನಲ್ಲ. ಪೇಟ, ಮೀಸೆ, ಮೇಲೊಂದು ಹಾರ. ಇವರೂ ಒಂದು ಕಾಲದಲ್ಲಿ ಹುಡುಗರಾಗಿದ್ದರು ಅನ್ನೋದು ಆ ಫೋಟೋಗೆ ಕೈಮುಗಿಯೋರಿಗೆ ಹೊಳೆಯೋದೇ ಇಲ್ಲ.

ಹುಟ್ಟಿದ್ದು 1884ರ ಜೂನ್ 4ರಂದು. ಐವತ್ತು ವರ್ಷ ಇಂಗ್ಲಿಷರ ಕೈಲಿದ್ದ ಮೈಸೂರು ಸೀಮೆ 1881ರಲ್ಲಿ ಒಡೆಯರಿಗೆ ವಾಪಸ್ ಬಂದಿತ್ತು. ಪಟ್ಟದಲ್ಲಿದ್ದವರು ತಂದೆ ಚಾಮರಾಜೇಂದ್ರ ಒಡೆಯರು. 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋದವರು ಗಂಟಲುಮಾರಿ ಬಡಿದು ಅಲ್ಲೇ ತೀರಿಕೊಂಡರು. ಆಗ ಅವರಿಗೆ ಬರೀ 31 ವರ್ಷ. ಮಗನಿಗೆ ಹತ್ತೂವರೆ.

ನಮ್ಮ ನಿಮ್ಮ ಮನೆಯಲ್ಲಾದರೆ ಅಪ್ಪ ಸತ್ತ ಮಗುವನ್ನ ಅಜ್ಜಿ ಮಡಿಲಲ್ಲಿ ಮಲಗಿಸಿಕೊಂಡು ಸಮಾಧಾನ ಮಾಡ್ತಾಳೆ. ಈ ಹುಡುಗನಿಗೆ ಆ ಪುರಸೊತ್ತು ಸಿಗಲಿಲ್ಲ. ಸರಿಯಾಗಿ ಐದು ವಾರಕ್ಕೆ, 1895ರ ಫೆಬ್ರವರಿ 1ರಂದು, ಪಟ್ಟ ಕಟ್ಟಿದರು. ಅಲ್ಲಿಂದ ಮುಂದೆ ಅಳೋದು, ನಗೋದು, ಕೂರೋದು, ಏಳೋದು ಎಲ್ಲಾ ಊರು ನೋಡೋ ಸಂಗತಿಯೇ. ಗೋಲಿ ಆಡೋ ವಯಸ್ಸು ಕಣ್ರೀ ಅದು!

ಹುಡುಗ ಕೆಡದೆ ಉಳಿದದ್ದು ತಾಯಿಯ ಗಟ್ಟಿತನದಿಂದ ಅನ್ನೋದು ಈ ಬರಹಗಾರನ ಲೆಕ್ಕ. ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ತಾವೇ ರಾಜ್ಯಭಾರ ಹೊತ್ತರು. ಮಗನನ್ನ ಓದಿಗೆ ಕೂರಿಸಿದರು. ಅಧಿಕಾರದ ಹೆಸರು ಮಗನದು, ಭಾರ ತಾಯಿಯದು. ಇವತ್ತಿನ ಕೆಲವು ಮನೆಗಳಲ್ಲಿ ಮೀಸೆ ಚಿಗುರೋ ಮೊದಲೇ ಮಗನ ಕಟೌಟು ಎದ್ದು ನಿಲ್ತದೆ, ಪುಸ್ತಕ ಎಲ್ಲಿ ಹೋಯ್ತೋ ಗೊತ್ತಿಲ್ಲ. ಇರಲಿ.

ಪಾಠಕ್ಕೆ ಬಂದವರು ಫ್ರೇಜರ್ ಅನ್ನೋ ಇಂಗ್ಲಿಷ್ ಅಧಿಕಾರಿ. ಮೈಸೂರಿನ ಲೋಕರಂಜನ ಮಹಲಿನಲ್ಲಿ ಶಾಲೆ. ಒಬ್ಬನೇ ಕೂತು ಕಲಿಯೋ ಹಾಗಿರಲಿಲ್ಲ, ಬೇರೆ ಹುಡುಗರೂ ಜೊತೆಗಿದ್ದರು. ಅವರಲ್ಲೊಬ್ಬ ಮಿರ್ಜಾ ಇಸ್ಮಾಯಿಲ್, ಕುದುರೆ ವ್ಯಾಪಾರಕ್ಕೆ ಬೆಂಗಳೂರಿಗೆ ಬಂದು ನೆಲೆಸಿದ ಪರ್ಷಿಯಾದ ಅಲಿ ಅಸ್ಕರ್ ಅವರ ಮೊಮ್ಮಗ. ಅದೇ ಬೆಂಚಿನ ಗೆಳೆಯ 1926ರಲ್ಲಿ ದಿವಾನರಾದರು. ದೊರೆ ಕಣ್ಣುಮುಚ್ಚೋವರೆಗೂ ಅವರೇ ದಿವಾನರು.

ಈ ನಡುವೆ ಕಷ್ಟ ತಪ್ಪಲಿಲ್ಲ. 1897ರಲ್ಲಿ ಅಕ್ಕನ ಮದುವೆ ಸಮಯದಲ್ಲೇ ಮರದ ಅರಮನೆ ಸುಟ್ಟುಹೋಯ್ತು. ಮಾರನೇ ವರ್ಷ ಪ್ಲೇಗು. 1900ರಲ್ಲಿ, ಹದಿನಾರು ವರ್ಷಕ್ಕೆ, ದೂರದ ಕಾಠಿಯಾವಾಡದ ಹುಡುಗಿಯ ಜೊತೆ ಮದುವೆ.

ತಾಯಿಯ ಆಡಳಿತದಲ್ಲೇ, ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ ಶುರುವಾಯ್ತು. 1902ರ ಜೂನ್‌ನಲ್ಲಿ ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕರೆಂಟು ಹರೀತು. (ತಂತಿ ಹಾದುಹೋದ ನಮ್ಮ ಹಳ್ಳಿಗಳಿಗೆ ಅದು ಬಂದದ್ದು ಯಾವಾಗ ಅನ್ನೋದು ಬೇರೆ ಕತೆ.) ಅದಾದ ಎರಡು ತಿಂಗಳೊಳಗೆ, ಆಗಸ್ಟ್ 8ರಂದು, ವೈಸ್‌ರಾಯ್ ಕರ್ಜನ್ ಮೈಸೂರಿಗೆ ಬಂದು 18ರ ಹುಡುಗನಿಗೆ ಪೂರ್ತಿ ಅಧಿಕಾರ ಕೊಟ್ಟರು. ತಾಯಿ ಪಕ್ಕಕ್ಕೆ ಸರಿದರು.

ಆಮೇಲಿನದು ನಮ್ಮ ಜಿಲ್ಲೆಗೆ ಬಾಯಿಪಾಠ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರು, 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಜಿಲ್ಲೆ. ಒಡವೆ ಕತೆ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ.

ನಾಲ್ವಡಿಯವರಿಗೆ ಮಕ್ಕಳಾಗಲಿಲ್ಲ. ತಮ್ಮನ ಮಗ ಜಯಚಾಮರಾಜರೇ ಮುಂದಿನ ವಾರಸುದಾರ. ಆ ಹುಡುಗನನ್ನ ಅರಮನೆಯೊಳಗೇ ಇಟ್ಟು ಬೆಳೆಸಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿಗೆ ಕಳಿಸಿದರು. ಆತ 1938ರಲ್ಲಿ ಪದವಿ ಪಡೆದ. 1940ರ ಆಗಸ್ಟ್ 3ರಂದು ದೊಡ್ಡಪ್ಪ ತೀರಿಕೊಂಡಾಗ ಆತನಿಗೆ 21.